ವಚನ ಭಂಡಾರದ ಕಾವಲುಗಾರ

ವಿಜಯಪುರ ಜಿಲ್ಲೆಯ ನೆಲ ಅಕ್ಷರವನ್ನು ಬಹು ಹಿಂದಿನಿಂದ ಬಲ್ಲ ನೆಲ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬವೊಂದರ ಮೇಲೆ ಕ್ರಿ.ಶ. 945ರ ಶಾಸನವಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಕಟ್ಟಿಸಿದ ವಿದ್ಯಾಶಾಲೆ, ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳು, ಅವರ ವಸತಿಗೂ ಶಾಲೆಯ ನಿರ್ವಹಣೆಗೂ ಬಿಟ್ಟ ದತ್ತಿ, ಇವೆಲ್ಲ ಅದರಿಂದ ತಿಳಿಯುತ್ತವೆ. ವಿದ್ಯಾಶಾಲೆ ಅಳಿದುಹೋಯಿತು, ಕಲ್ಲಿನ ಮೇಲಿನ ಮಾತು ಉಳಿಯಿತು. ಇದಾದ ಎರಡು ಶತಮಾನಗಳ ಬಳಿಕ ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಮಾತು ಹುಟ್ಟಿತು. ಬಸವನ ಬಾಗೇವಾಡಿ ಬಸವಣ್ಣನವರ ಊರು. ಅಂದು ಸಿಂದಗಿ ಸೀಮೆಗೆ ಸೇರಿದ್ದ ದೇವರ ಹಿಪ್ಪರಗಿ ಮಡಿವಾಳ ಮಾಚಯ್ಯನ ಊರು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಡದಲ್ಲಿ, ನೀಲಮ್ಮನ ಐಕ್ಯಸ್ಥಳವಿದೆ. ಈ ಶರಣರ ನುಡಿಗಳನ್ನು ಯಾವ ಅರಸನೂ ಕಲ್ಲಿನ ಮೇಲೆ ಕೆತ್ತಿಸಲಿಲ್ಲ. ಅವು ಜನರ ನಾಲಗೆಯ ಮೇಲೂ ತಾಳೆಯ ಗರಿಗಳ ಮೇಲೂ ಬದುಕಬೇಕಾಯಿತು.

ತಾಳೆಯ ಗರಿ ಕಲ್ಲಲ್ಲ. ಗರಿಯನ್ನು ಬೇಯಿಸಿ, ಒಣಗಿಸಿ, ನಯಗೊಳಿಸಿ, ಕಂಠವೆಂಬ ಉಕ್ಕಿನ ಮೊನೆಯಿಂದ ಅದರ ಮೇಲೆ ಅಕ್ಷರಗಳನ್ನು ಕೊರೆಯುತ್ತಿದ್ದರು. ಬಳಿಕ ಮಸಿ ತೀಡಿದರೆ ಕೊರೆದ ಗೆರೆಗಳಲ್ಲಿ ಕಪ್ಪು ನಿಂತು ಬರಹ ಎದ್ದುಕಾಣುತ್ತಿತ್ತು. ಗರಿಗಳಿಗೆ ರಂಧ್ರ ಮಾಡಿ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯಿಟ್ಟು ಬಿಗಿದರೆ ಒಂದು ಕಟ್ಟು ಸಿದ್ಧವಾಗುತ್ತಿತ್ತು. ಇಷ್ಟು ಶ್ರಮದಿಂದ ಸಿದ್ಧವಾದ ಕಟ್ಟಿಗೆ ಶತ್ರುಗಳು ಹಲವರು. ಗೆದ್ದಲು, ನುಸಿ, ತೇವ, ಬೆಂಕಿ ಒಂದು ಕಡೆ. ದಾರ ಸಡಿಲವಾಗಿ ಗರಿಗಳು ತಪ್ಪಿಹೋಗುವುದು ಇನ್ನೊಂದು ಕಡೆ. ಪ್ರತಿ ಮಾಡಿದ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಒಂದು ಬಿನ್ನಹವನ್ನು ಸೇರಿಸುವ ವಾಡಿಕೆ ನಮ್ಮ ದೇಶದಲ್ಲಿತ್ತು. ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಈ ಪುಸ್ತಕವನ್ನು ಕಾಪಾಡಬೇಕು, ಮೂರ್ಖರ ಕೈಗೆ ಕೊಡಬಾರದು ಎಂಬುದು ಅದರ ತಾತ್ಪರ್ಯ. ಗ್ರಂಥಕ್ಕೆ ಒದಗುವ ಅಪಾಯಗಳ ಇಂಥ ಪಟ್ಟಿಯನ್ನು ನಮ್ಮ ಹಿರಿಯರು ಅಂದೇ ಮಾಡಿಟ್ಟಿದ್ದರು. ಆದರೆ ಎಷ್ಟೇ ಎಚ್ಚರವಹಿಸಿದರೂ ಗರಿಗೆ ಆಯುಷ್ಯ ಮಿತವಾದುದು. ಕೆಲವು ತಲೆಮಾರುಗಳಿಗೊಮ್ಮೆ ಯಾರಾದರೂ ಕುಳಿತು ಹಳೆಯ ಕಟ್ಟಿನಿಂದ ಹೊಸ ಕಟ್ಟಿಗೆ ಪ್ರತಿ ಮಾಡದಿದ್ದರೆ ಅದರೊಳಗಿನ ಮಾತು ಗರಿಯೊಡನೆಯೇ ಪುಡಿಯಾಗುತ್ತಿತ್ತು.

1167ರ ಸುಮಾರಿನ ಕಲ್ಯಾಣದ ಕ್ರಾಂತಿಯಲ್ಲಿ ಶರಣರು ಚದುರಿದರು. ಅವರಲ್ಲಿ ಕೆಲವರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನತ್ತ ನಡೆದರೆಂದು ಪರಂಪರೆ ಹೇಳುತ್ತದೆ. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲ ಮತ್ತು ಅನಂತರದ ದಿನಗಳಲ್ಲಿ, ನೂರೊಂದು ವಿರಕ್ತರೆಂದು ಹೆಸರಾದವರೂ ಅವರ ಪರಂಪರೆಯವರೂ ವಚನಗಳನ್ನು ಮತ್ತೆ ಕಲೆಹಾಕಿ, ಕ್ರಮಗೊಳಿಸಿ, ಪ್ರತಿ ಮಾಡಿಸಿದರು. ಆಮೇಲಿನ ಶತಮಾನಗಳಲ್ಲಿ ಆ ಕೆಲಸ ಕ್ಷೀಣಿಸಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ವಚನಗ್ರಂಥ ಅಚ್ಚಾಗಿದ್ದರೂ, ಉಳಿದ ಬಹುಪಾಲು ಮಠಗಳ ಅಟ್ಟಗಳಲ್ಲಿ, ಮನೆಗಳ ಜಗಲಿಗಳಲ್ಲಿ ಅರಿವೆಯೊಳಗೆ ಕಟ್ಟಿಟ್ಟ ಗಂಟಾಗಿತ್ತು. ಅನೇಕ ಕೃತಿಗಳಿಗೆ ಉಳಿದಿದ್ದುದು ಒಂದೆರಡು ಪ್ರತಿಗಳು ಮಾತ್ರ. ಹೀಗಿರುವಾಗ ಆ ಗಂಟುಗಳನ್ನು ಬಿಚ್ಚಿಸಿ ನೋಡಲು ತಮ್ಮ ಬಾಳನ್ನೇ ಸವೆಸಿದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು 1880ನೆಯ ಜುಲೈ 2ರಂದು ಧಾರವಾಡದಲ್ಲಿ ನೇಕಾರರ ಮನೆತನವೊಂದರಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಸಾಹಿತ್ಯಾಭಿಮಾನಿಗಳು. ತಾಯಿ ದಾನಮ್ಮನವರು ಮಗ ಇನ್ನೂ ಚಿಕ್ಕವನಾಗಿರುವಾಗಲೇ ತೀರಿಕೊಂಡರು; ಅಜ್ಜಿಯ ಆರೈಕೆಯಲ್ಲಿ ಬಾಲಕ ಬೆಳೆದನು. ಧಾರವಾಡದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಮುಂಬಯಿಗೆ ಹೋಗಿ ಕಾಲೇಜು ಸೇರಿದರು. ಗುಜರಾತಿಗಳಿಗೂ ಮರಾಠಿಗರಿಗೂ ತಮ್ಮ ತಮ್ಮ ನುಡಿಯ ಮೇಲಿದ್ದ ಅಭಿಮಾನವನ್ನು ಆ ಮಹಾನಗರದಲ್ಲಿ ಕಂಡ ಕನ್ನಡ ತರುಣರಿಗೆ ತಮ್ಮ ನಾಡಿನ ಸ್ಥಿತಿ ನೆನೆದು ಕಸಿವಿಸಿಯಾಗುತ್ತಿತ್ತು. ಆಲೂರು ವೆಂಕಟರಾಯರ ಸ್ನೇಹ ಹಳಕಟ್ಟಿಯವರಿಗೆ ದೊರೆತದ್ದು ಆ ದಿನಗಳಲ್ಲಿಯೇ. 1904ರಲ್ಲಿ ಕಾನೂನು ಪದವಿ ಪಡೆದು, ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ನಡೆಸಿ, ಬಳಿಕ ವಿಜಯಪುರಕ್ಕೆ ಬಂದು ನೆಲಸಿದರು. ಆಗ ಆ ಊರಿನ ಹೆಸರು ಬಿಜಾಪುರ. ಮುಂದಿನ ಬದುಕೆಲ್ಲ ಅವರಿಗೆ ಅದೇ ಊರು.

ವಕೀಲಿ ಹಿಡಿಯುವುದಕ್ಕೆ ಸ್ವಲ್ಪ ಮೊದಲೇ ರಬಕವಿ-ಬನಹಟ್ಟಿಯ ಮನೆಯೊಂದರಲ್ಲಿ ಪ್ರಭುದೇವರ ವಚನಗಳ ಮತ್ತು ಷಟ್‌ಸ್ಥಲ ತಿಲಕವೆಂಬ ಗ್ರಂಥದ ತಾಡೋಲೆಗಳು ಅವರ ಕಣ್ಣಿಗೆ ಬಿದ್ದಿದ್ದುವು. ವಿಜ್ಞಾನವನ್ನೂ ಇಂಗ್ಲಿಷನ್ನೂ ಕಾನೂನನ್ನೂ ಓದಿದ ತರುಣನಿಗೆ ಅವುಗಳಲ್ಲಿದ್ದ ವಿಚಾರದ ನಿಖರತೆ ಬೆರಗನ್ನುಂಟುಮಾಡಿತು. ಇಂಥ ಬರಹ ಇನ್ನೆಷ್ಟು ಮನೆಗಳಲ್ಲಿ ಇರಬಹುದು, ಎಷ್ಟು ಈಗಾಗಲೇ ನುಸಿಯ ಪಾಲಾಗಿರಬಹುದು ಎಂಬ ಚಿಂತೆ ಹತ್ತಿಕೊಂಡದ್ದು ಆಗಲೇ. ಆ ಚಿಂತೆ ಅವರನ್ನು ಅರುವತ್ತು ವರ್ಷ ಬಿಡಲಿಲ್ಲ.

ಹಳಕಟ್ಟಿಯವರ ವೃತ್ತಿ ಅವರ ಈ ಕೆಲಸಕ್ಕೆ ಒಳ್ಳೆಯ ಗರಡಿಯಾಯಿತೆಂದು ಹೇಳಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳ ರೈತರು ಹೊಲಮನೆಗಳ ವ್ಯಾಜ್ಯಗಳನ್ನು ಹೊತ್ತು ಜಿಲ್ಲೆಯ ನ್ಯಾಯಾಲಯಕ್ಕೆ ಬರುತ್ತಿದ್ದರು. ಹರಿದ ಕಾಗದ, ತಿದ್ದಿದ ಲೆಕ್ಕ, ಹುಸಿ ಸಹಿ, ಕಳೆದುಹೋದ ಖರೀದಿಪತ್ರ, ಇವುಗಳಿಂದ ಒಂದು ಸಂಸಾರ ಹೇಗೆ ಬೀದಿಗೆ ಬೀಳುವುದೆಂಬುದನ್ನು ವಕೀಲನಾದವನು ದಿನವೂ ನೋಡುತ್ತಾನೆ. ಕಾನೂನು ಇದಕ್ಕೆ ತಕ್ಕ ಉಪಾಯಗಳನ್ನೂ ಮಾಡಿತ್ತು. 1908ರ ನೋಂದಣಿ ಅಧಿನಿಯಮದಂತೆ ಮೂಲಪತ್ರ ಒಡೆಯನ ಕೈಯಲ್ಲಿದ್ದರೆ ಅದರ ನಕಲು ಸರಕಾರಿ ಕಚೇರಿಯ ಪುಸ್ತಕದಲ್ಲಿರುತ್ತಿತ್ತು. ಮನೆಗೆ ಬೆಂಕಿ ಬಿದ್ದು ಮೂಲ ಸುಟ್ಟುಹೋದರೂ ನಕಲು ಉಳಿಯುತ್ತಿತ್ತು. ಯಾರಾದರೂ ಮೂಲವನ್ನು ತಿದ್ದಿದರೆ ನಕಲು ಅದನ್ನು ಬಯಲಿಗೆಳೆಯುತ್ತಿತ್ತು. ಇನ್ನೊಂದು ಕಡೆ, ಕಕ್ಷಿದಾರನು ವಿಶ್ವಾಸದಿಂದ ಹೇಳಿದ ಮಾತನ್ನು ವಕೀಲನು ಹೊರಗೆಡಹಕೂಡದೆಂದು 1872ರ ಸಾಕ್ಷ್ಯ ಅಧಿನಿಯಮ ವಿಧಿಸಿತ್ತು. ಯಾವುದನ್ನು ಮುಚ್ಚಿಡಬೇಕು, ಯಾವುದನ್ನು ಪ್ರತಿ ಮಾಡಿ ಹಂಚಿಡಬೇಕು ಎಂಬ ವಿವೇಕ ಹೀಗೆ ಅವರಿಗೆ ನಿತ್ಯದ ಅಭ್ಯಾಸವಾಗಿತ್ತು.

ಸಾರ್ವಜನಿಕ ಸಂಸ್ಥೆಗಳನ್ನು ಕಟ್ಟುವುದರಲ್ಲಿಯೂ ಅವರು ಮುಂದಾಳಾಗಿದ್ದರು. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕೂ ಅವರ ಪ್ರಯತ್ನದಿಂದ ಆರಂಭವಾದುವು. ಸಹಕಾರಿ ಬ್ಯಾಂಕೆಂದರೆ ಬಡವರ ಉಳಿತಾಯ ಹಲವರ ಕೈದಾಟಿ ಹೋಗುವ ಸ್ಥಳ. ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಹೊರಗಿನವರು ಪರಿಶೋಧಿಸಬೇಕೆಂದು ಸಹಕಾರ ಸಂಘಗಳ ಕಾನೂನು ಆಗಲೇ ಕಟ್ಟುಮಾಡಿತ್ತು. ಬರೆದವನೇ ತನ್ನ ಬರಹ ಸರಿಯೆಂದು ಹೇಳಿದರೆ ಸಾಲದು, ಇನ್ನೊಬ್ಬನು ತಾಳೆನೋಡಬೇಕು ಎಂಬುದೇ ಅದರ ಮರ್ಮ. ಹಳಕಟ್ಟಿಯವರು ಇದೇ ಮರ್ಮವನ್ನು ತಾಡೋಲೆಗಳ ವಿಷಯದಲ್ಲಿಯೂ ಅನುಸರಿಸಿದರು.

ಆದರೆ ಮೊದಲು ಓಲೆಗಳು ಕೈಗೆ ಬರಬೇಕಲ್ಲ! ಕಷ್ಟವೆಲ್ಲ ಇದ್ದುದು ಅಲ್ಲಿಯೇ. ಮನೆಮಂದಿಗೆ ಆ ಕಟ್ಟು ಓದುವ ಗ್ರಂಥವಾಗಿರದೆ ಪೂಜಿಸುವ ವಸ್ತುವಾಗಿತ್ತು. ವಿಭೂತಿ ಹಚ್ಚಿ, ಹೂವೇರಿಸಿ, ಹಬ್ಬದ ದಿನ ಆರತಿ ಬೆಳಗುತ್ತಿದ್ದರೇ ಹೊರತು ಬಿಚ್ಚಿ ನೋಡುವವರು ಅಪರೂಪ. ಹೊರಗಿನವರು ಮುಟ್ಟಿದರೆ ಮೈಲಿಗೆಯೆಂಬ ಭಾವನೆಯೂ, ಕೊಟ್ಟರೆ ಹಿಂದಕ್ಕೆ ಬಾರದೆಂಬ ಅಂಜಿಕೆಯೂ ಇದ್ದುವು. ಈ ಅಂಜಿಕೆಯನ್ನು ತಪ್ಪೆಂದು ಹಳಿಯುವಂತಿಲ್ಲ. ಇದ್ದ ಒಂದೇ ಪ್ರತಿಯನ್ನು ಅಪರಿಚಿತನ ಕೈಗಿಡಲು ಯಾರ ಮನಸ್ಸು ಒಪ್ಪೀತು? ಆದರೆ ಕಾಪಾಡುವ ಆಸೆಯಿಂದ ಮುಚ್ಚಿಟ್ಟ ಕಟ್ಟೇ ಒಳಗೊಳಗೆ ಹುಳು ಹಿಡಿದು ಜೀರ್ಣವಾಗುತ್ತಿತ್ತು. ಜೀರ್ಣವಾದದ್ದನ್ನು ಭಕ್ತಿಯಿಂದಲೇ ಹೊಳೆಗೆ ಬಿಡುವ ರೂಢಿಯಿತ್ತು. 1876ರಿಂದ 1878ರವರೆಗಿನ ಬರದಂಥ ಬರಗಳಲ್ಲಿ ಈ ಸೀಮೆಯ ಜನ ಮನೆಮಾರು ತೊರೆದು ಹೋಗಿದ್ದರು. ಹಾಗೆ ಬರಿದಾದ ಮನೆಗಳಲ್ಲಿ ಉಳಿದ ಓಲೆಗಳನ್ನು ನೋಡಿಕೊಳ್ಳುವವರಾರು?

ಹಳಕಟ್ಟಿಯವರು ಊರೂರು ತಿರುಗಿದರು. ಇಂಡಿ, ಬಾಗೇವಾಡಿಗಳ ಹೆಸರಿನ ರೈಲು ನಿಲ್ದಾಣಗಳೇನೋ ಇದ್ದುವು, ಆದರೆ ಊರುಗಳಿಂದ ದೂರದಲ್ಲಿ. ಸಿಂದಗಿ, ಮುದ್ದೇಬಿಹಾಳಗಳಿಗೆ ಆಗ ರೈಲಿನ ಮಾತೇ ಇರಲಿಲ್ಲ. ಬಿಸಿಲ ನಾಡಿನ ಕಪ್ಪು ಮಣ್ಣಿನ ಹಾದಿ ಮಳೆಗಾಲದಲ್ಲಿ ಗಾಲಿಯನ್ನು ಹಿಡಿದು ನಿಲ್ಲಿಸುವಂಥದು. ಮಠಗಳ ಸ್ವಾಮಿಗಳನ್ನು, ಊರ ಗೌಡರನ್ನು, ಮನೆಯ ಹಿರಿಯರನ್ನು ಕಂಡು ಮಾತನಾಡಿ ನಂಬಿಕೆ ಗಳಿಸಬೇಕಾಗಿತ್ತು. ಒಮ್ಮೆಗೆ ಒಪ್ಪದವರ ಬಳಿಗೆ ಮತ್ತೆ ಹೋಗಬೇಕಾಗಿತ್ತು. ಬಲದಿಂದಾಗಲಿ ಕಾನೂನಿನಿಂದಾಗಲಿ ಆಗುವ ಕೆಲಸ ಅದಾಗಿರಲಿಲ್ಲ. ಹೀಗೆ ಹಲವು ವರ್ಷಗಳ ಅಲೆದಾಟದಲ್ಲಿ ಸಾವಿರದಷ್ಟು ತಾಡೋಲೆ ಕಟ್ಟುಗಳು ಅವರಲ್ಲಿ ಕೂಡಿದುವು.

ಅನಂತರದ ದುಡಿಮೆ ಇದಕ್ಕಿಂತ ಕಠಿನವಾದುದು. ತಾಡೋಲೆಯಲ್ಲಿ ಪದಗಳ ನಡುವೆ ತೆರಪಿರುವುದಿಲ್ಲ, ಪೂರ್ಣವಿರಾಮವಿರುವುದಿಲ್ಲ. ಅಕ್ಷರಗಳೆಲ್ಲ ಒಂದೇ ಸಾಲಾಗಿ ಇರುವೆಗಳಂತೆ ಸಾಗುತ್ತವೆ. ಎಲ್ಲಿ ಪದ ಮುಗಿಯಿತು, ಎಲ್ಲಿ ವಾಕ್ಯ ತೊಡಗಿತು ಎಂಬುದನ್ನು ಓದುವವನೇ ನಿರ್ಣಯಿಸಬೇಕು. ಲಿಪಿಕಾರನು ಕಣ್ತಪ್ಪಿನಿಂದ ಒಂದು ಸಾಲನ್ನು ಬಿಟ್ಟಿರಬಹುದು. ಅರ್ಥವಾಗದ ಹಳೆಯ ಪದದ ಸ್ಥಾನದಲ್ಲಿ ತನಗೆ ತಿಳಿದ ಪದವನ್ನು ಬರೆದಿರಬಹುದು. ತನ್ನದೇ ನುಡಿಯನ್ನು ಶರಣರ ಹೆಸರಿನಲ್ಲಿ ಸೇರಿಸಿರಲೂಬಹುದು. ವಚನಕಾರರು ಇದಕ್ಕೆ ಒಂದು ಮುದ್ರೆಯನ್ನು ಬಿಟ್ಟುಹೋಗಿದ್ದರು. ಅದು ವಚನದ ಅಂಕಿತ. ಕೂಡಲಸಂಗಮದೇವ ಎಂದು ಬಂದರೆ ಬಸವಣ್ಣನವರದು, ಗುಹೇಶ್ವರ ಎಂದರೆ ಅಲ್ಲಮಪ್ರಭುವಿನದು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿಯದು. ಊರು, ಕಾಲ, ಹೆಸರು ಯಾವುದೂ ತಿಳಿಯದಿದ್ದರೂ ಅಂಕಿತದಿಂದ ಕರ್ತೃವನ್ನು ಗುರುತಿಸಬಹುದಾಗಿತ್ತು. ಆದರೆ ಅಂಕಿತವೊಂದನ್ನೇ ನಂಬುವಂತಿರಲಿಲ್ಲ. ಮುದ್ರೆಯನ್ನು ಕಂಡವನು ಯಾರೂ ಅದನ್ನು ಬರೆಯಬಲ್ಲನಷ್ಟೆ! ಆದುದರಿಂದ ದೂರದೂರದ ಊರುಗಳಲ್ಲಿ ದೊರೆತ ಬೇರೆ ಬೇರೆ ಕಟ್ಟುಗಳನ್ನು ಎದುರಿಗಿಟ್ಟುಕೊಂಡು ಒಂದರೊಡನೊಂದನ್ನು ಹೋಲಿಸಿ ನೋಡಬೇಕಾಗಿತ್ತು. ಒಬ್ಬರನ್ನೊಬ್ಬರು ಕಾಣದ ಇಬ್ಬರು ಲಿಪಿಕಾರರು ಒಂದೇ ಮಾತನ್ನು ಬರೆದಿದ್ದರೆ ಆ ಮಾತಿಗೆ ಬಲ ಬರುತ್ತಿತ್ತು. ಹಗಲು ನ್ಯಾಯಾಲಯದ ಕೆಲಸ, ರಾತ್ರಿ ದೀಪದ ಮುಂದೆ ಓಲೆ. ಹೀಗೆ ಹಳಕಟ್ಟಿಯವರ ದಿನಗಳು ಕಳೆದುವು. ಅವರು ಈ ಕೆಲಸಕ್ಕೆ ಇಳಿಯುವ ಮುನ್ನ ಐವತ್ತರಷ್ಟು ವಚನಕಾರರ ಹೆಸರು ತಿಳಿದಿತ್ತು. ಅವರ ಶೋಧದಿಂದ ಆ ಸಂಖ್ಯೆ ಇನ್ನೂರನ್ನು ಮೀರಿತು. ಹರಿಹರನ ರಗಳೆಗಳು ಅನೇಕವು ಬೆಳಕು ಕಂಡದ್ದೂ ಅವರಿಂದಲೇ.

ಇಂದಿನ ಬ್ಯಾಂಕು, ಆಸ್ಪತ್ರೆ, ಕಚೇರಿಗಳ ಕಡತಗಳು ಗಣಕಯಂತ್ರಗಳಲ್ಲಿವೆ. ಅವುಗಳನ್ನು ಕಾಯುವ ಶಾಸ್ತ್ರ ಮುಖ್ಯವಾಗಿ ಮೂರು ಸಂಗತಿಗಳನ್ನು ಕೇಳುತ್ತದೆ. ನೋಡಬಾರದವರು ನೋಡದಂತೆ ಗೋಪ್ಯವಾಗಿರಬೇಕು, ಯಾರೂ ತಿದ್ದದಂತೆ ಅವಿಕಲವಾಗಿರಬೇಕು, ಬೇಕಾದವರಿಗೆ ಬೇಕಾದಾಗ ದೊರೆಯುವಂತಿರಬೇಕು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಹಲವು ದೇಶಗಳ ಗಣಕಯಂತ್ರಗಳನ್ನು ಹೊಕ್ಕು, ಕಡತಗಳನ್ನು ಓದಲಾಗದಂತೆ ಮಾಡಿ, ಬಿಡಿಸಿಕೊಳ್ಳಲು ಹಣ ಕೇಳಿತು. ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದಕ್ಕೆ ಹೋದುವು. ಆ ಕುತಂತ್ರಾಂಶ ನುಗ್ಗಿದ ಬಿರುಕನ್ನು ಮುಚ್ಚುವ ತೇಪೆ ಎರಡು ತಿಂಗಳು ಮೊದಲೇ ಸಿದ್ಧವಾಗಿತ್ತು; ಅದನ್ನು ಹಾಕಿಕೊಳ್ಳದ ಯಂತ್ರಗಳೇ ಹೆಚ್ಚಾಗಿ ತುತ್ತಾದುವು. ಕಡತಗಳ ಪ್ರತಿಯನ್ನು ಆ ಯಂತ್ರಗಳಿಂದ ದೂರವಾಗಿ ಬೇರೆಡೆ ಇಟ್ಟಿದ್ದವರು ಹಣ ತೆರದೆ ಕೆಲಸ ಮುಂದುವರಿಸಬಲ್ಲವರಾಗಿದ್ದರು. ಯಂತ್ರ ಹೊಸದು, ಕಳ್ಳನೂ ಹೊಸಬ. ಆದರೆ ಏಕೈಕ ಪ್ರತಿಯ ಅಪಾಯ ಮಾತ್ರ ಜಗಲಿಯ ಮೇಲಿನ ಓಲೆಕಟ್ಟಿನ ಅಪಾಯವೇ. ಒಂದು ಭೇದವನ್ನು ಮರೆಯಬಾರದು. ಬ್ಯಾಂಕಿನ ಲೆಕ್ಕವೂ ರೋಗಿಯ ವಿವರವೂ ಗುಟ್ಟಾಗಿರಬೇಕಾದುವು. ವಚನಗಳು ಎಲ್ಲರಿಗೂ ಆಡಿದ ಮಾತುಗಳು. ಗುಟ್ಟೇ ಅವುಗಳಿಗೆ ಹಗೆಯಾಗಿತ್ತು.

ಪ್ರತಿಗಳನ್ನು ಹೆಚ್ಚಿಸುವ ಉಪಾಯ ಹಳಕಟ್ಟಿಯವರ ಕಾಲದಲ್ಲಿ ಮುದ್ರಣ. ಹಲವು ವರ್ಷಗಳ ಸಂಗ್ರಹದಿಂದ ಆರಿಸಿ ಅವರು ವಚನಶಾಸ್ತ್ರಸಾರದ ಮೊದಲ ಭಾಗವನ್ನು ಸಿದ್ಧಗೊಳಿಸಿದರು. ಹಸ್ತಪ್ರತಿಯನ್ನು ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದರೆ ಅದು ಅಚ್ಚಾಗದೆ ಹಿಂದಿರುಗಿತು. ಅಲ್ಲಿಗೆ ಎದೆಗುಂದದೆ ಬೆಳಗಾವಿಯಲ್ಲಿ ಅದನ್ನು ಅಚ್ಚುಮಾಡಿಸಿದರು. 1923ರಲ್ಲಿ ಗ್ರಂಥ ಹೊರಬಂದಿತು. ಕನ್ನಡದಲ್ಲಿ ಇಂಥ ಗದ್ಯವಿತ್ತೆಂಬುದನ್ನು ಕಂಡು ವಿದ್ವಾಂಸರು ಅಚ್ಚರಿಗೊಂಡರು. ಮುದ್ರಣಕ್ಕೆ ಪದೇ ಪದೇ ಪರರ ಬಾಗಿಲಿಗೆ ಹೋಗುವ ತೊಂದರೆಯೇ ಬೇಡವೆಂದು ಹಳಕಟ್ಟಿಯವರು ಒಂದು ದೊಡ್ಡ ನಿರ್ಧಾರ ಮಾಡಿದರು. ತಮ್ಮ ಮನೆಯನ್ನು ಮಾರಿ, ಆ ಹಣದಿಂದ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಸರಕಾರಿ ವಕೀಲರಾಗಿದ್ದವರು, ಮುಂಬಯಿ ವಿಧಾನ ಪರಿಷತ್ತಿನಲ್ಲಿ ಕುಳಿತು ಬಂದವರು, ಬಾಡಿಗೆಯ ಮನೆಯಲ್ಲಿ ವಾಸಿಸತೊಡಗಿದರು. ಮನೆಯವರ ಪಾಲಿಗೆ ಅದೇನು ಸುಲಭದ ಮಾತಾಗಿರಲಾರದು. ವಕೀಲಿಯ ಸಂಪಾದನೆಯೂ ಕಾಗದ, ಮೊಳೆ, ಮಸಿಗಳಿಗೆ ಹರಿದುಹೋಯಿತು. ಹರಿದ ಕೋಟು ತೊಟ್ಟು ಸೈಕಲ್ಲಿನ ಮೇಲೆ ಓಡಾಡುತ್ತಿದ್ದ ಅವರ ಚಿತ್ರ ಆ ಭಾಗದ ಜನರ ನೆನಪಿನಲ್ಲಿ ಬಹುಕಾಲ ಉಳಿದಿತ್ತು.

ಮರುವರ್ಷವೇ, 1926ರಲ್ಲಿ, ಶಿವಾನುಭವ ಪತ್ರಿಕೆ ಪ್ರಾರಂಭವಾಯಿತು; 1927ರಲ್ಲಿ ನವಕರ್ನಾಟಕ ವಾರಪತ್ರಿಕೆ. ಶಿವಾನುಭವವು ಮೂರು ದಶಕಗಳಿಗೂ ಮಿಕ್ಕು ನಡೆಯಿತು. ಗ್ರಂಥವಾಗಿ ಹೊರಡಿಸಲು ಹಣವಿಲ್ಲದಾಗ ವಚನಗಳನ್ನು ಪತ್ರಿಕೆಯ ಪುಟಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಅಚ್ಚುಮಾಡಿದರು. ಯಾವ ಓಲೆ ನಾಳೆ ಮುರಿದುಹೋದೀತೋ ಎಂಬ ಆತುರ ಅವರದು. ಒಮ್ಮೆ ಪತ್ರಿಕೆಯಲ್ಲಿ ಅಚ್ಚಾಯಿತೆಂದರೆ ಆ ವಚನ ನೂರಾರು ಮನೆಗಳನ್ನು ಸೇರುತ್ತಿತ್ತು. ಆಮೇಲೆ ಒಂದು ಬೆಂಕಿ, ಒಂದು ಪ್ರವಾಹ ಅದನ್ನು ಅಳಿಸುವಂತಿರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿ ನಾಡು ತನ್ನ ಮೆಚ್ಚುಗೆಯನ್ನು ಸೂಚಿಸಿತು. ರಾವ್ ಬಹಾದ್ದೂರ್ ಎಂಬ ಬಿರುದು ಸರಕಾರದಿಂದ ಬಂದಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಪದವಿಯನ್ನು ಕೊಟ್ಟಿತು. ಇವುಗಳಿಂದ ಅವರ ಬಡತನವೇನೂ ತೀರಲಿಲ್ಲ.

ಹಳಕಟ್ಟಿಯವರ ಸಂಪಾದನೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ವಚನಶಾಸ್ತ್ರಸಾರದಲ್ಲಿ ಅವರು ವಚನಗಳನ್ನು ವಿಷಯಗಳಿಗೆ ತಕ್ಕಂತೆ ವಿಂಗಡಿಸಿದರು. ಓಲೆಯಲ್ಲಿದ್ದ ಮೂಲದ ಕ್ರಮ ಅದರಿಂದ ಓದುಗರಿಗೆ ತಿಳಿಯುವುದಿಲ್ಲ. ಇಂದಿನ ಗ್ರಂಥಸಂಪಾದನ ಶಾಸ್ತ್ರ ಬಯಸುವಷ್ಟು ಪಾಠಾಂತರಗಳನ್ನು ಅವರು ಕೊಡಲಿಲ್ಲ. ಆದರೆ ಉರಿಯುವ ಮನೆಯಿಂದ ಸಾಮಾನುಗಳನ್ನು ಹೊರತರುವವನು ಅವುಗಳನ್ನು ಒಪ್ಪವಾಗಿ ಜೋಡಿಸುತ್ತ ಕೂಡುವಂತಿಲ್ಲ. ಮುಂದಿನವರು ತಿದ್ದಲು ಅನುಕೂಲವಾಗುವಂತೆ ಮೂಲದ ಕಟ್ಟುಗಳನ್ನೂ ಅವರು ಕಾಯ್ದಿರಿಸಿದರು. ಅಚ್ಚಾದ ಮೇಲೆ ಓಲೆ ಏಕೆಂದು ಎಸೆದಿದ್ದರೆ, ಅಚ್ಚಿನಲ್ಲಿ ನುಸುಳಿದ ತಪ್ಪು ತಪ್ಪಾಗಿಯೇ ಶಾಶ್ವತವಾಗಿ ಉಳಿದುಬಿಡುತ್ತಿತ್ತು.

1964ರ ಜೂನ್ ತಿಂಗಳಿನಲ್ಲಿ ಹಳಕಟ್ಟಿಯವರು ವಿಜಯಪುರದಲ್ಲಿ ನಿಧನ ಹೊಂದಿದರು. ಆಗ ಅವರಿಗೆ ಎಂಬತ್ತನಾಲ್ಕು ವರ್ಷ ತುಂಬಲು ಕೆಲವೇ ದಿನಗಳಿದ್ದುವು. ಗೋಳಗುಮ್ಮಟದ ಊರಿನಲ್ಲಿ ಅವರನ್ನು ಜನ ವಚನಗುಮ್ಮಟವೆಂದು ಕರೆದರು. ಅವರು ಬೆಳೆಸಿದ ವಿದ್ಯಾಸಂಸ್ಥೆ ಅವರ ಹೆಸರಿನಲ್ಲಿ ಸಂಶೋಧನ ಕೇಂದ್ರವೊಂದನ್ನು ಸ್ಥಾಪಿಸಿದೆ. ಅವರು ಹುಟ್ಟಿದ ಜುಲೈ 2ನ್ನು ಕರ್ನಾಟಕದಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸಲಾಗುತ್ತಿದೆ. 1993ರಲ್ಲಿ ಕರ್ನಾಟಕ ಸರಕಾರ ಸಮಗ್ರ ವಚನ ಸಂಪುಟಗಳನ್ನು ಹದಿನೈದು ಭಾಗಗಳಲ್ಲಿ ಪ್ರಕಟಿಸಿತು. ವಚನಗಳು ಬಳಿಕ ಗಣಕಯಂತ್ರಗಳನ್ನೂ ಏರಿದುವು. ಬಸವಣ್ಣನವರ ನುಡಿಗಳ ಪಕ್ಕದಲ್ಲಿ ಹಿಪ್ಪರಗಿಯ ಮಾಚಯ್ಯನ, ತಂಗಡಗಿಯಲ್ಲಿ ಐಕ್ಯಳಾದ ನೀಲಮ್ಮನ ನುಡಿಗಳೂ ಆ ಸಂಪುಟಗಳಲ್ಲಿವೆ.